ಜೇಬಿನ ಚಾಕು: ದೊಡ್ಡದೋ ಸಣ್ಣದೋ ಅನ್ನುವ ಮೊದಲು ಅಂಗೈ ಅಳೆಯಿರಿ

ದಿನಾ ಜೇಬಿನಲ್ಲಿ ಇರಬೇಕಾದ ಮಡಚುವ ಚಾಕುಗಳನ್ನು ಎರಡು ಅಳತೆಯಾಗಿ ನೋಡಬಹುದು. ಮಡಚಿದಾಗ 8ರಿಂದ 9.5 ಸೆಂ.ಮೀ. ಇದ್ದರೆ ಕಾಂಪ್ಯಾಕ್ಟ್, 11 ಸೆಂ.ಮೀ. ಮುಟ್ಟಿದರೆ ಫುಲ್ ಸೈಜ್. ಅಂಗಡಿಯಲ್ಲಿ ಎಲ್ಲರೂ ಅಲಗು ಬಿಚ್ಚಿ ಅದರ ಉದ್ದ ನೋಡುತ್ತಾರೆ. ಎರಡರ ಅಲಗಿಗೂ ಇರುವ ವ್ಯತ್ಯಾಸ ಒಂದೂವರೆ, ಹೆಚ್ಚೆಂದರೆ ಎರಡು ಸೆಂ.ಮೀ. ಕೆಲಸ ಕೆಡುವುದು ಹಿಡಿಯಿಂದ. ಕಿರುಬೆರಳಿಗೆ ಜಾಗ ಸಿಗದ ಹಿಡಿಯನ್ನು ಮೂರೇ ಬೆರಳಲ್ಲಿ ಹಿಡಿದು ಒತ್ತಬೇಕಾಗುತ್ತದೆ, ಒತ್ತಿದಷ್ಟೂ ಚಾಕು ಅಂಗೈಯೊಳಗೆ ತಿರುಗುತ್ತದೆ. ಕೈ ಒದ್ದೆಯಿದ್ದರೆ ಬೆರಳು ಜಾರಿ ಅಲಗಿನ ಮೇಲೇ ಹೋಗುತ್ತದೆ.

ಹಾಗಾಗಿ ಮೊದಲು ಕೈ ಅಳೆದುಕೊಳ್ಳಿ. ನಾಲ್ಕು ಬೆರಳು ಜೋಡಿಸಿ, ಹೆಬ್ಬೆರಳು ಬಿಟ್ಟು, ಬೆರಳಿನ ಬುಡದಲ್ಲಿ ತೋರುಬೆರಳ ಹೊರ ಅಂಚಿನಿಂದ ಕಿರುಬೆರಳ ಹೊರ ಅಂಚಿನವರೆಗೆ ಸ್ಕೇಲ್ ಇಡಿ. ದೊಡ್ಡವರ ಕೈ ಸಾಮಾನ್ಯವಾಗಿ 7.5ರಿಂದ 9 ಸೆಂ.ಮೀ. ಬರುತ್ತದೆ. ಅದಕ್ಕೆ ಒಂದೂವರೆ ಸೇರಿಸಿದರೆ, ಬಲ ಹಾಕಿ ಕತ್ತರಿಸುವ ಕೆಲಸಕ್ಕೆ ಬೇಕಾದ ಹಿಡಿಯ ಉದ್ದ ಸಿಗುತ್ತದೆ. ಬಲವೇ ಬೇಡದ ಕೆಲಸಗಳಿಗೆ, ಅಂದರೆ ಟೇಪು, ದಾರ, ಬಾಳೆಹಣ್ಣು, ಪ್ಯಾಕೆಟ್ಟಿನ ಬಾಯಿ, ಇದರಲ್ಲಿ ಎರಡು ಸೆಂ.ಮೀ. ಕಡಿಮೆಯಾದರೂ ಏನೂ ತೊಂದರೆಯಿಲ್ಲ.

ಒಂದೇ ವಿನ್ಯಾಸದಲ್ಲಿ ಎರಡು ಅಳತೆ ಹಿಡಿದು ನೋಡಬೇಕೆಂದರೆ ಒಪಿನೆಲ್ ತೆಗೆದುಕೊಳ್ಳಿ. ಫ್ರಾನ್ಸಿನ ಸವಾಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಶುರು ಮಾಡಿದ ಚಾಕು ಇದು, 1897ರಿಂದ ನಂಬರಿನ ಲೆಕ್ಕದಲ್ಲಿ ಬರುತ್ತಿದೆ. 6ನೇ ನಂಬರಿನ ಅಲಗು 7 ಸೆಂ.ಮೀ., ಹಿಡಿ 9ಕ್ಕಿಂತ ಸ್ವಲ್ಪ ಮೇಲೆ. 8ನೇ ನಂಬರಿನ ಅಲಗು 8.5, ಹಿಡಿ 11. ನಡುವೆ 7ನೇ ನಂಬರು, ಅಲಗು 8, ಹಿಡಿ 10. ಇವುಗಳ ದೊಡ್ಡ ಗುಣ ತೂಕ. 8ನೇ ನಂಬರು ಕೂಡ 50 ಗ್ರಾಂ ದಾಟುವುದಿಲ್ಲ. ಹಿಡಿ ಬೀಚ್ ಮರದ್ದು, ಒಳಗೆ ಲೋಹದ ಪಟ್ಟಿಗಳಿಲ್ಲ, ಅದಕ್ಕೇ ಅಷ್ಟು ಹಗುರ. ಫುಲ್ ಸೈಜ್ ಅಂದರೆ ಭಾರ ಅನ್ನುವ ಎಣಿಕೆ ಇಲ್ಲಿ ಸುಳ್ಳಾಗುತ್ತದೆ. 6ನೇ ನಂಬರಿನಿಂದ ಮೇಲಿನವಕ್ಕೆ ಹಿಡಿಯ ಕತ್ತಿನ ಹತ್ತಿರ, ಬಿಚ್ಚಿದ ಅಲಗು ಮಡಚಿಕೊಳ್ಳದಂತೆ ತಡೆಯುವ, ತಿರುಗುವ ಉಂಗುರದ ಲಾಕು ಇದೆ, ಅದು ಬಂದದ್ದು 1955ರಲ್ಲಿ. ಈಗಿನವುಗಳಲ್ಲಿ ಚಾಕು ಮಡಚಿದಾಗಲೂ ಉಂಗುರ ತಿರುಗಿಸಿ ಲಾಕು ಮಾಡಬಹುದು. 5 ಮತ್ತು ಅದಕ್ಕಿಂತ ಸಣ್ಣ ನಂಬರಿಗೆ ಲಾಕಿಲ್ಲ.

ಸ್ವಿಸ್ ಕಂಪನಿ ವಿಕ್ಟೊರಿನಾಕ್ಸಿನಲ್ಲಿ ಲೆಕ್ಕ ಬೇರೆ. ಅಲ್ಲಿ ಹೇಳುವ ಮಿ.ಮೀ. ಮಡಚಿದ ಚಾಕುವಿನ ಉದ್ದ, ಅಲಗಿನದಲ್ಲ. 58 ಮಿ.ಮೀ. ಕ್ಲಾಸಿಕ್ ಕೀ ಗೊಂಚಲಿಗೆ ಸರಿ, ತೂಕ 20 ಗ್ರಾಂ ಆಸುಪಾಸು. ಅಲಗು 4 ಸೆಂ.ಮೀ. ಆದ್ದರಿಂದ ಸೇಬು ಒಂದೇ ಏಟಿಗೆ ಎರಡು ಹೋಳಾಗುವುದಿಲ್ಲ, ಸುತ್ತ ತಿರುಗಿಸಿ ಕತ್ತರಿಸಬೇಕು. 84 ಮಿ.ಮೀ. ಸಾಲಿನಲ್ಲಿ ಅಲ್ಯುಮಿನಿಯಂ ಹಿಡಿಯ ಕ್ಯಾಡೆಟ್ ಇದೆ, 46 ಗ್ರಾಂ, ತೆಳು. ಅಂಗಿಯ ಜೇಬಿಗೆ ಇದಕ್ಕಿಂತ ಒಪ್ಪುವ ಚಾಕು ಹುಡುಕುವುದು ಕಷ್ಟ. 91ರಲ್ಲಿ ಸ್ಪಾರ್ಟನ್, ಸುಮಾರು 60 ಗ್ರಾಂ. ಈ ಮೂರು ಸಾಲಿಗೂ ಲಾಕಿಲ್ಲ, ಅಲಗನ್ನು ಹಿಡಿದಿರುವುದು ಬೆನ್ನಿನ ಸ್ಪ್ರಿಂಗು ಮಾತ್ರ. ದೊಡ್ಡ ಅಲಗಿಗೆ ಲಾಕು ಬೇಕೆಂದರೆ 111 ಮಿ.ಮೀ. ಸಾಲು ನೋಡಬಹುದು.

ಮೂರನೆಯ ಗುಂಪೊಂದಿದೆ. ಕಪ್ಪು ಬಣ್ಣ, ಉಕ್ಕಿನ ಹಿಡಿ, ಪಕ್ಕದಲ್ಲಿ ಕ್ಲಿಪ್ಪು, 120ರಿಂದ 150 ಗ್ರಾಂ ತೂಕದ ‘ಟ್ಯಾಕ್ಟಿಕಲ್’ ಮಾದರಿ. ಆನ್‌ಲೈನಿನಲ್ಲಿ ಫುಲ್ ಸೈಜ್ ಅಂತ ಹುಡುಕಿದರೆ ಮೊದಲು ಕಾಣುವುದು ಇವೇ. ಅಲಗಿನ ಬೆನ್ನು 3 ಮಿ.ಮೀ. ಮೇಲೆ ದಪ್ಪ, ಆ ದಪ್ಪ ಬಾಯಿಯ, ಅಂದರೆ ಕತ್ತರಿಸುವ ಅಂಚಿನ, ಹತ್ತಿರದವರೆಗೂ ಇಳಿದಿರುತ್ತದೆ. ಸೀಬೆಕಾಯಿ ಕತ್ತರಿಸಿ ನೋಡಿ: ಅಲಗು ಅರ್ಧ ಇಳಿಯುವಷ್ಟರಲ್ಲಿ ಕಾಯಿ ಟಪ್ ಅಂತ ಸೀಳಿ, ಹೋಳು ಸೊಟ್ಟಗೆ ಬರುತ್ತದೆ. ಒಪಿನೆಲ್ 8ರ ಬೆನ್ನು ಒಂದೂವರೆ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, ಬಾಯಿಯ ಕಡೆಗೆ ಒಂದೇ ಸಮನೆ ಸಣ್ಣಗಾಗುತ್ತದೆ. ಅದೇ ಕಾಯಿಯಲ್ಲಿ ಎಲೆಯಷ್ಟು ತೆಳು ಹೋಳು ತೆಗೆಯಬಹುದು. ತಿನ್ನುವ ಪದಾರ್ಥವನ್ನೂ ಅದೇ ಚಾಕುವಿನಲ್ಲಿ ಕತ್ತರಿಸುವವರು ದಪ್ಪ ಅಲಗಿಗೆ ದುಡ್ಡು ಹಾಕಬೇಡಿ. ಇಲ್ಲಿ ಅಳತೆಗಿಂತ ದಪ್ಪ ಮುಖ್ಯ. ತೆಳುವಾದ 7 ಸೆಂ.ಮೀ. ಅಲಗು ದಪ್ಪನೆಯ 9 ಸೆಂ.ಮೀ. ಅಲಗಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಜೇಬಿನ ವಿಚಾರ. ಮೈಸೂರಿನಲ್ಲಿ ಓಡಾಟವೆಲ್ಲ ಸ್ಕೂಟರ್ ಬೈಕಿನಲ್ಲೇ. ಕೂತಾಗ ಪ್ಯಾಂಟಿನ ಮುಂಜೇಬು ತೊಡೆಯ ಸಂದಿಯಲ್ಲಿ ಮಡಿಸುತ್ತದೆ. 9 ಸೆಂ.ಮೀ. ಚಾಕು ಜೇಬಿನ ತಳದಲ್ಲಿ ಅಡ್ಡ ಮಲಗಿಬಿಡುತ್ತದೆ, ಗೊತ್ತೇ ಆಗುವುದಿಲ್ಲ. 12 ಸೆಂ.ಮೀ. ಚಾಕು ನೆಟ್ಟಗೆ ನಿಂತು ಸಂದಿಗೆ ಒತ್ತುತ್ತದೆ. ಕ್ಲಿಪ್ಪಿನದಾದರೆ ಇನ್ನೊಂದು ತೊಂದರೆ: ಬಸ್ಸಿನ ಸೀಟಿನ ಬಟ್ಟೆಗೋ ಪಕ್ಕದವರ ಬ್ಯಾಗಿನ ಪಟ್ಟಿಗೋ ಸಿಕ್ಕಿ ಕ್ಲಿಪ್ಪು ಹಿಗ್ಗುತ್ತದೆ, ಹಿಗ್ಗಿದ ಕ್ಲಿಪ್ಪಿನ ಚಾಕು ಒಂದು ದಿನ ಎಲ್ಲೋ ಬಿದ್ದುಹೋಗುತ್ತದೆ. ಕಾರಿನ ಬಾಗಿಲಿಗೆ ಒರಗಿದರೆ ಬಣ್ಣಕ್ಕೆ ಗೀರು. ಅಂಗಿಯ ಮೇಲ್ಜೇಬಿಗೆ 60 ಗ್ರಾಂ ಮೇಲಿನದು ಬೇಡ. ಬಗ್ಗಿದಾಗ ಮೊದಲು ಜಾರುವುದು ಅದೇ, ಕಾಲುವೆ ಏರಿಯ ಮೇಲೆ ಬಗ್ಗಿದರೆ ನೇರ ನೀರಿಗೆ.

ಮಂಡ್ಯದ ಕಡೆ ಪಂಚೆಯ ಕೆಳಗಿನ ಪಟಾಪಟಿ ಚಡ್ಡಿಯ ಜೇಬೇ ಹೊಲದ ಜೇಬು. ಬೀಡಿ, ಮೊಬೈಲು, ಪಂಪ್‌ಸೆಟ್ಟಿನ ಕೀ ಎಲ್ಲ ಅಲ್ಲೇ. ಅದರೊಳಗೆ 140 ಗ್ರಾಂ ಉಕ್ಕು ಹಾಕಿದರೆ ಲಾಡಿ ಎಷ್ಟು ಬಿಗಿದರೂ ಒಂದು ಪಕ್ಕ ಇಳಿಯುತ್ತದೆ. ಅಲ್ಲಿಗೆ 11 ಸೆಂ.ಮೀ. ಉದ್ದವಿದ್ದೂ 50 ಗ್ರಾಂ ಒಳಗಿರುವ ಮರದ ಹಿಡಿ ಚೆನ್ನಾಗಿ ಹೊಂದುತ್ತದೆ. ಜೇಬು ಆಳ, ಉದ್ದ ಅಡ್ಡಿಯಲ್ಲ, ಅಡ್ಡಿಯಾಗುವುದು ತೂಕ.

ಪೇಟೆಯಲ್ಲಿ ಕೆಲಸ ಹಗುರ. ಕೊರಿಯರ್ ಡಬ್ಬ, ದೇವರಾಜ ಮಾರುಕಟ್ಟೆಯಿಂದ ತಂದ ಹೂವಿನ ಪೊಟ್ಟಣದ ಬಾಳೆನಾರು, ವೀಳ್ಯದೆಲೆಯ ತೊಟ್ಟು ತುದಿ, ಮಧ್ಯಾಹ್ನದ ಡಬ್ಬಿಯ ಜೊತೆಗಿನ ಸೌತೆಕಾಯಿ. ಇದಕ್ಕೆ 84 ಅಥವಾ 91 ಮಿ.ಮೀ. ಸಾಕು, ಇನ್ನೂ ದೊಡ್ಡದು ಆಫೀಸಿನಲ್ಲಿ ತೆಗೆದರೆ ಪಕ್ಕದವರು ಗಾಬರಿಯಾಗುತ್ತಾರೆ. ಡಬ್ಬದ ಟೇಪು ಕುಯ್ಯುವಾಗ ಅಲಗನ್ನು ಪೂರ್ತಿ ಇಳಿಸಬೇಡಿ, ಮೊನೆಯ ಅರ್ಧ ಸೆಂ.ಮೀ. ಸಾಕು. ಜಾಸ್ತಿ ಇಳಿದರೆ ಒಳಗಿನ ಬಟ್ಟೆಯೂ ಹೋಯಿತು, ರಟ್ಟು ತಾಗಿ ಬಾಯಿಯೂ ಮೊಂಡಾಯಿತು. ಟೇಪಿನ ಅಂಟು ಅಲಗಿಗೆ ಹಿಡಿದರೆ ನೀಲಗಿರಿ ಎಣ್ಣೆ ಎರಡು ತೊಟ್ಟು ಬಟ್ಟೆಗೆ ಹಾಕಿ ಒರೆಸಿ, ಆಮೇಲೆ ಸೋಪು ನೀರು.

ಹೊಲದ ಕೆಲಸಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಮೂರು ಕೆಲಸ ತೆಗೆದುಕೊಂಡು ನೋಡಬಹುದು.

ಒಂದು, ಡ್ರಿಪ್ ಪೈಪು. ಗಿಡಗಳ ಸಾಲಿಗೆ ಹಾಯುವ 16 ಮಿ.ಮೀ. ಲ್ಯಾಟರಲ್ ಪೈಪನ್ನು ಜಾಯಿನರಿಗೆ ಹಾಕಬೇಕಾದರೆ ತುದಿ ನೇರ ಇರಬೇಕು. ಓರೆಯಾಗಿ ಕತ್ತರಿಸಿದರೆ ಜಾಯಿನರ್ ಒಂದು ಕಡೆ ಕೂತು ಇನ್ನೊಂದು ಕಡೆ ಜಿನುಗುತ್ತದೆ. ಪೈಪನ್ನು ಹಲಗೆಯ ಮೇಲಿಟ್ಟು, ಅಲಗನ್ನು ಅಡ್ಡ ಇಟ್ಟು, ಒತ್ತಡ ಬಿಡದೆ ಪೈಪನ್ನೇ ಉರುಳಿಸಿ. ಒಂದು ಸುತ್ತು ಬಂದರೆ ತುದಿ ನೆಟ್ಟಗೆ ಬರುತ್ತದೆ. ಗಾಳಿಯಲ್ಲಿ ಹಿಡಿದು ಹೆಬ್ಬೆರಳಿನ ಕಡೆಗೆ ಎಳೆಯುವುದು ಬೇಡವೇ ಬೇಡ. ಪೈಪು ಅಲಗನ್ನು ಕಚ್ಚಿಕೊಂಡು, ಆಮೇಲೆ ಒಮ್ಮೆಲೇ ಬಿಡುತ್ತದೆ. ಈ ಕೆಲಸಕ್ಕೆ ನಾಲ್ಕೂ ಬೆರಳು ಹಿಡಿಯಲ್ಲಿರಬೇಕು. 6ನೇ ನಂಬರಿನಲ್ಲಿ ದೊಡ್ಡ ಕೈಗೆ ಕಷ್ಟ, 8ರಲ್ಲಿ ಸುಲಭ.

ಎರಡು, ಗೊಬ್ಬರದ ಮೂಟೆ. 45 ಕೆ.ಜಿ. ಯೂರಿಯಾ ಚೀಲವನ್ನು ಹೊಟ್ಟೆ ಸೀಳಿ ತೆಗೆಯುವವರೇ ಜಾಸ್ತಿ, ಚೀಲ ಹಾಳು. ಬಾಯಿ ಹೊಲಿಗೆ ಸರಪಳಿ ಹೊಲಿಗೆ, ಒಂದು ತುದಿಯಿಂದ ಮಾತ್ರ ಬಿಚ್ಚುತ್ತದೆ. ಮೊನೆಯಿಂದ ಒಂದು ತುದಿಯ ದಾರ ಕತ್ತರಿಸಿ ಎಳೆಯಿರಿ, ಬಿಗಿದರೆ ಇನ್ನೊಂದು ತುದಿಗೆ ಹೋಗಿ. ಸರಿಯಾದ ತುದಿ ಸಿಕ್ಕರೆ ಜರ್ರೆಂದು ಪೂರ್ತಿ ಬರುತ್ತದೆ. ಇದಕ್ಕೆ 58 ಮಿ.ಮೀ. ಚಾಕು ಸಾಕು. ಆದರೆ ಚೀಲಕ್ಕೆ ಮೊನೆ ಚುಚ್ಚಿಯೇ ತೂತು ಮಾಡಬೇಕು ಅಂದರೆ ಲಾಕಿಲ್ಲದ ಚಾಕು ಮುಟ್ಟಬೇಡಿ. ಚುಚ್ಚುವಾಗ ಮೊನೆ ಸಿಕ್ಕಿಹಾಕಿಕೊಂಡು ಕೈ ಮುಂದೆ ಹೋದರೆ ಅಲಗು ಮಡಚಿಕೊಳ್ಳುತ್ತದೆ, ಮಡಚುವ ದಾರಿಯಲ್ಲಿ ಇರುವುದು ನಿಮ್ಮ ಬೆರಳುಗಳೇ. ಬೆನ್ನು ಸ್ಪ್ರಿಂಗಿನ ಚಾಕುವಿನಲ್ಲಿ ಎಚ್ಚರ ಬೇಕಾದದ್ದು ಇಲ್ಲಿ.

ಮೂರು, ಬೆಲ್ಲ. ಮಂಡ್ಯದ ಬಕೆಟ್ ಬೆಲ್ಲದ ಗಟ್ಟಿಗೆ ಅಲಗು ಚುಚ್ಚಿ ತಿರುಚಿದರೆ ಮೊನೆ ಮುರಿಯುತ್ತದೆ. ತೆಳು ಅಲಗಾದರೆ ಖಂಡಿತ, ದಪ್ಪ ಅಲಗಾದರೆ ಸ್ವಲ್ಪ ತಡವಾಗಿ. ಅಂಚಿನಿಂದ ಹೆರೆದು ತೆಗೆಯಿರಿ, ಅಲಗಿನ ಬುಡದ ಕಡೆಯ ಭಾಗದಿಂದ. ಬಲ ಬೀಳುವುದು ಅಲ್ಲೇ. ಗಟ್ಟಿ ಒಡೆಯಬೇಕಾದರೆ ಮಚ್ಚಿನ ಬೆನ್ನೋ ಗುಂಡುಕಲ್ಲೋ ಇದೆ.

ಕಬ್ಬಿನ ಜಲ್ಲೆ ಸಿಪ್ಪೆ ಸುಲಿಯಲು ಫುಲ್ ಸೈಜ್ ಆಗುತ್ತದೆ, ಆದರೆ ಸಿಪ್ಪೆಯಲ್ಲಿ ಸಿಲಿಕಾ ಇರುವುದರಿಂದ ಬಾಯಿ ಬೇಗ ಮೊಂಡಾಗುತ್ತದೆ. ಎಳನೀರಿಗೆ ಮಾತ್ರ ಯಾವ ಮಡಚುವ ಚಾಕುವೂ ಅಲ್ಲ. ಎಷ್ಟೇ ದೊಡ್ಡದಿರಲಿ, ಮಡಚುವ ಚಾಕುವಿನ ಎಲ್ಲ ಬಲ ನಿಂತಿರುವುದು ಒಂದು ಪಿನ್ನಿನ ಮೇಲೆ. ಮದ್ದೂರಿನ ಎಳನೀರಿನವರ ಮಚ್ಚು ಮಾಡುವ ಕೆಲಸವನ್ನು ಅದಕ್ಕೆ ಕೊಟ್ಟರೆ ಪಿನ್ನು ಸಡಿಲಾಗಿ ಅಲಗು ಆಡತೊಡಗುತ್ತದೆ, ಆ ಆಟ ಮತ್ತೆ ಸರಿಹೋಗುವುದಿಲ್ಲ. ಕಸಿ ಕಟ್ಟುವವರಿಗೂ ಇವು ಬೇಡ. ಕಸಿ ಚಾಕುವಿಗೆ ಒಂದೇ ಪಕ್ಕ ಸಾಣೆ ಇರುತ್ತದೆ, ಎರಡೂ ಪಕ್ಕ ಸಾಣೆ ಇರುವ ಅಲಗು ಕಡ್ಡಿಯಲ್ಲಿ ಸಮತಟ್ಟಾಗಿ ಹೋಗದೆ ಹೊರಳುತ್ತದೆ.

ಕೊಳ್ಳುವಾಗ ಲಾಕನ್ನು ಹೀಗೆ ನೋಡಿ. ಅಲಗು ಬಿಚ್ಚಿ ಲಾಕು ಹಾಕಿ, ಮೊನೆಯ ಹತ್ತಿರ ಹಿಡಿದು ಮೇಲೆ ಕೆಳಗೆ ಮೆಲ್ಲಗೆ ಆಡಿಸಿ. ಮೇಲೆ ಕೆಳಗೆ ಆಡಿದರೆ ಆ ಚಾಕು ವಾಪಸ್ ಕೊಡಿ. ಪಕ್ಕಕ್ಕೆ ಸ್ವಲ್ಪ ಆಡಿದರೆ, ಸ್ಕ್ರೂ ಇರುವ ಚಾಕುವಾದರೆ, ಬಿಗಿಸಬಹುದು. ಬಹುತೇಕ ನಕ್ಷತ್ರ ಆಕಾರದ ಟಿ6 ಅಥವಾ ಟಿ8 ಬಿಟ್ ಹೊಂದುತ್ತದೆ. ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಅಲಗು ಬಿಚ್ಚುವುದೇ ಕಷ್ಟವಾಗುತ್ತದೆ. ಲೈನರ್ ಲಾಕಿನಲ್ಲಿ ತೆಳು ಪಟ್ಟಿ ಬಂದು ಅಲಗಿನ ಹಿಂದೆ ಕೂರುತ್ತದೆ. ಜೇಬಿನ ನೂಲು, ಮಣ್ಣು ಆ ಸಂದಿಗೆ ಸೇರಿದರೆ ಪಟ್ಟಿ ಪೂರ್ತಿ ಬರುವುದಿಲ್ಲ, ಲಾಕು ಬಿದ್ದ ಹಾಗೆ ಕಾಣುತ್ತದೆ, ಬಿದ್ದಿರುವುದಿಲ್ಲ. ಹಲ್ಲುಕಡ್ಡಿಯಿಂದ ಸಂದಿ ಬಿಡಿಸುವುದು ರೂಢಿಯಾಗಬೇಕು. ಒಪಿನೆಲ್ಲಿನ ಉಂಗುರದಲ್ಲಿ ಈ ಕಾಟ ಕಡಿಮೆ. ಆದರೆ ಅದನ್ನು ಕೈಯಾರೆ ತಿರುಗಿಸಬೇಕು, ತಾನಾಗಿ ಬೀಳುವ ಲಾಕಲ್ಲ. ಎರಡೂ ಕೈ ಬೇಕು. ಒಂದು ಕೈಯಲ್ಲಿ ಬಳ್ಳಿ ಹಿಡಿದು ಇನ್ನೊಂದರಲ್ಲಿ ಬಿಚ್ಚಬೇಕಾದವರಿಗೆ ಇದು ನಿಜವಾದ ಕೊರತೆ.

ಒಪಿನೆಲ್ಲಿನ ಇನ್ನೊಂದು ಕೊರತೆ ಮಳೆಗಾಲ. ಗದ್ದೆಯ ತೇವಕ್ಕೆ ಮರ ಉಬ್ಬಿ ಅಲಗನ್ನು ಅಮುಕಿಕೊಳ್ಳುತ್ತದೆ, ಉಗುರು ಹಾಕಿ ಎಳೆದರೂ ಬರುವುದಿಲ್ಲ. ಆಗ ಉಂಗುರದ ಲಾಕು ತೆಗೆದು, ಹಿಡಿಯ ಹಿಂತುದಿಯನ್ನು ಕಲ್ಲಿನ ಮೇಲೆ ಟಕ್ ಎಂದು ಬಡಿದರೆ ಅಲಗು ಒಂದಿಷ್ಟು ಹೊರಗೆ ಬರುತ್ತದೆ, ಹಿಡಿದು ಬಿಚ್ಚಬಹುದು. ಬಿಸಿಲಿಗಿಟ್ಟು ಒಣಗಿಸಬೇಡಿ, ಮರ ಬಿರುಕು ಬಿಡುತ್ತದೆ. ನೆರಳಿನಲ್ಲಿ ಎರಡು ದಿನ ಬಿಡಿ, ಆಮೇಲೆ ಸಂದಿಗೆ ಅಗಸೆ ಎಣ್ಣೆ ಹಚ್ಚಿ ಒಣಗಿಸಿ, ಮುಂದೆ ಉಬ್ಬುವುದು ತಗ್ಗುತ್ತದೆ. ಈ ಚಾಕು ಕಾರ್ಬನ್ ಉಕ್ಕಿನಲ್ಲೂ ಸ್ಟೇನ್‌ಲೆಸ್ಸಿನಲ್ಲೂ ಬರುತ್ತದೆ. ಕಾರ್ಬನ್ನಿಗೆ ಹರಿತ ಚೆನ್ನಾಗಿ ಬರುವುದು ನಿಜ, ಆದರೆ ಮಾವಿನಕಾಯಿ, ನಿಂಬೆ ತಾಗಿದೊಡನೆ ಕಪ್ಪಾಗುತ್ತದೆ, ಬೆವರಿಗೆ ತುಕ್ಕು ಹಿಡಿಯುತ್ತದೆ. ದಿನಾ ಒರೆಸಿಡುವವರು ಬಿಟ್ಟು ಉಳಿದವರಿಗೆ ಸ್ಟೇನ್‌ಲೆಸ್ಸೇ ಸರಿ.

ತೊಳೆಯುವುದರಲ್ಲಿ ಎಲ್ಲಕ್ಕೂ ಎಣ್ಣೆ ಸುರಿಯುವವರು ಕೇಳಿ: ಬೆಲ್ಲ, ಕಬ್ಬಿನ ಹಾಲು ಅಲಗು ತಿರುಗುವ ಕೀಲಿನೊಳಗೆ ಹೋದರೆ ಬಿಸಿನೀರೇ ಬೇಕು, ಸಕ್ಕರೆ ಎಣ್ಣೆಯಲ್ಲಿ ಕರಗುವುದಿಲ್ಲ. ಹಲಸಿನ ಮೇಣ, ಬಾಳೆಯ ಸೊನೆಗೆ ನೀರು ಕೆಲಸ ಮಾಡುವುದಿಲ್ಲ, ಅಲ್ಲಿ ಕೊಬ್ಬರಿ ಎಣ್ಣೆ. ಹಲಸು ಕೊಯ್ಯುವ ಮೊದಲೇ ಅಲಗಿಗೆ ಸವರಿಕೊಂಡರೆ ಇನ್ನೂ ಒಳ್ಳೆಯದು. ಆದರೆ ಕೀಲಿನೊಳಗೆ ಕೊಬ್ಬರಿ ಎಣ್ಣೆ ಬಿಡಬೇಡಿ. ಮೈಸೂರಿನ ಮಾರ್ಗಶಿರದ ಬೆಳಗಿಗೆ ಅದು ಗಡ್ಡೆ ಕಟ್ಟುತ್ತದೆ, ಹಳೆಯದಾದರೆ ಅಂಟಾಗಿ ಧೂಳು ಹಿಡಿಯುತ್ತದೆ. ಮೆಡಿಕಲ್ ಸ್ಟೋರಿನ ಲಿಕ್ವಿಡ್ ಪ್ಯಾರಾಫಿನ್ ಒಂದು ತೊಟ್ಟು ಸಾಕು, ಹೊಟ್ಟೆಗೆ ಹೋದರೂ ಹೆದರಿಕೆಯಿಲ್ಲ. ಹೊಲಿಗೆ ಮಷಿನ್ ಎಣ್ಣೆ ಹಣ್ಣು ಕತ್ತರಿಸುವ ಚಾಕುವಿಗೆ ಬೇಡ. ಒಪಿನೆಲ್ಲನ್ನು ಮಾತ್ರ ನೀರಲ್ಲಿ ನೆನೆಹಾಕಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಸಾಣೆಗೆ ಬೀದಿಯಲ್ಲಿ ಬರುವ ಚಕ್ರದವರ ಕೈಗೆ ಈ ಚಾಕುಗಳನ್ನು ಕೊಡಬೇಡಿ. ಕುಡ್ಲು, ಮಚ್ಚಿಗೆ ಅವರ ಕೆಲಸ ಸೊಗಸು. ಜೇಬಿನ ಚಾಕುವಿನ ತೆಳು ಬಾಯಿ ಒಣ ಚಕ್ರಕ್ಕೆ ಕ್ಷಣದಲ್ಲಿ ಕಾಯುತ್ತದೆ, ಅಂಚು ನೀಲಿ ತಿರುಗಿದರೆ ಹದ ಹೋಯಿತು ಅಂತಲೇ ಅರ್ಥ. ಸಂತೆಪೇಟೆಯ ಕಡೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಮುಖದ ಕಾರ್ಬೊರಂಡಂ ಕಲ್ಲು ಸಾಕು. ನೀರು ಹಾಕಿ, ಅಲಗನ್ನು ಕಲ್ಲಿಗೆ 15ರಿಂದ 20 ಡಿಗ್ರಿ ಎತ್ತಿ, ಬುಡದಿಂದ ಮೊನೆಯವರೆಗೆ ಒಂದೇ ಎಳೆತದಲ್ಲಿ. ಒಂದು ಪಕ್ಕ ಉಜ್ಜುತ್ತಾ ಹೋದರೆ ಇನ್ನೊಂದು ಪಕ್ಕಕ್ಕೆ ಸಣ್ಣ ಗರಿ ಏಳುತ್ತದೆ, ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಸವರಿದರೆ ತಗಲುತ್ತದೆ. ಬುಡದಿಂದ ಮೊನೆವರೆಗೂ ಗರಿ ಬಂದ ಮೇಲೆಯೇ ಪಕ್ಕ ಬದಲಿಸಿ. ಕೊನೆಗೆ ನಯ ಮುಖದಲ್ಲಿ ಹಗುರವಾಗಿ ಪಕ್ಕ ಬದಲಿಸುತ್ತಾ ಎಳೆದು ಗರಿ ಬಿಡಿಸಿ. ವಿಕ್ಟೊರಿನಾಕ್ಸಿನ ಉಕ್ಕು 56 ರಾಕ್‌ವೆಲ್ ಗಟ್ಟಿತನದ್ದು, ತೀರಾ ಗಟ್ಟಿಯಲ್ಲ, ಮಾಮೂಲಿ ಕಲ್ಲಿಗೇ ಬಗ್ಗುತ್ತದೆ. ಹಳೆಯ ಪತ್ರಿಕೆಯ ಹಾಳೆ ಹಿಡಿದು ಕುಯ್ದು ನೋಡಿ. ಎಲ್ಲಿ ಹರಿಯುತ್ತದೋ ಅಲ್ಲಿ ಗರಿ ಉಳಿದಿದೆ.

ಕಾನೂನಿನ ಮಾತು. 2016ರ ಆಯುಧ ನಿಯಮಗಳು ಆಯುಧಗಳ ಪಟ್ಟಿಯಲ್ಲಿ ಹೆಸರಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನವನ್ನು, ಮನೆ ಮತ್ತು ಬೇಸಾಯದ ಉಪಕರಣ ಬಿಟ್ಟು. ಇಲ್ಲಿ ಹೇಳಿದ ಯಾವ ಮಡಚುವ ಚಾಕುವಿನ ಅಲಗೂ ಆ ಉದ್ದದ ಅರ್ಧಕ್ಕೂ ಬರುವುದಿಲ್ಲ. ಗುಂಡಿ ಒತ್ತಿದರೆ ಚಿಮ್ಮುವ ಬಟನ್ ಚಾಕು ಮಾತ್ರ ಕೊಳ್ಳಲೇಬೇಡಿ, ಅದನ್ನು ಯಾರೂ ಹಣ್ಣಿನ ಚಾಕು ಅಂತ ನೋಡುವುದಿಲ್ಲ. ನಿಷೇಧಾಜ್ಞೆ ಇರುವ ದಿನಗಳಲ್ಲಿ, ಚುನಾವಣೆಯಲ್ಲಿ, ಜಂಬೂಸವಾರಿಗೂ ಬನ್ನಿಮಂಟಪದ ಪಂಜಿನ ಕವಾಯತಿಗೂ ಹೋಗುವಾಗ ಸಣ್ಣದಿರಲಿ ದೊಡ್ಡದಿರಲಿ ಮನೆಯಲ್ಲೇ ಇಡಿ. ಮಂಡಕಳ್ಳಿಯಿಂದ ವಿಮಾನ ಹತ್ತುವವರು ಚಾಕುವನ್ನು ಚೆಕ್-ಇನ್ ಲಗೇಜಿಗೇ ಹಾಕಬೇಕು. ಕೀ ಗೊಂಚಲಿನ 58 ಮಿ.ಮೀ. ಮರೆತುಹೋಗುವುದೇ ಹೆಚ್ಚು, ಕೈಚೀಲದಲ್ಲಿ ಸಿಕ್ಕರೆ ಅಲ್ಲೇ ಬಿಟ್ಟು ಹೋಗಬೇಕಾಗುತ್ತದೆ.

ಕೊಳ್ಳುವಾಗ ನಕಲಿಯ ಕಡೆ ಗಮನ ಇರಲಿ, ಕೆಂಪು ಹಿಡಿಗೆ ಬಿಳಿ ಶಿಲುಬೆ ಇದ್ದರೆಲ್ಲ ಸ್ವಿಸ್ ಅಲ್ಲ. ಅಸಲಿ ವಿಕ್ಟೊರಿನಾಕ್ಸಿನ ದೊಡ್ಡ ಅಲಗಿನ ಬುಡದಲ್ಲಿ ಹೆಸರು ಕೆತ್ತಿರುತ್ತದೆ. 91 ಮಿ.ಮೀ. ಕೆಂಪು ಹಿಡಿಯ ಮೇಲೆ ಪಿನ್ನಾಗಲಿ ಸ್ಕ್ರೂ ಆಗಲಿ ಕಾಣುವುದಿಲ್ಲ (ಅಲ್ಯುಮಿನಿಯಂ ಹಿಡಿಯಲ್ಲಿ ಮಾತ್ರ ರಿವೆಟ್ ಕಾಣುತ್ತದೆ). ಬೆನ್ನಿನ ಕಡೆಯಿಂದ ಬೆಳಕಿಗೆ ಹಿಡಿದರೆ ಪದರಗಳ ನಡುವೆ ಬೆಳಕು ತೂರಬಾರದು, ಬಿಚ್ಚಿದಾಗ ಅಲಗು ‘ಟಕ್’ ಎಂದು ಕೂರಬೇಕು. ಒಪಿನೆಲ್ಲಾದರೆ ಅಲಗಿನ ಮೇಲೆ ಕೈ, ಅದರ ಮೇಲೆ ಕಿರೀಟ ಇರುವ ಗುರುತು ನೋಡಿ, ಉಂಗುರ ಎರಡು ಬೆರಳಿಗೆ ನಯವಾಗಿ ತಿರುಗಬೇಕು. ವಿಕ್ಟೊರಿನಾಕ್ಸ್ ಚಾಕುಗಳಿಗೆ ಉಕ್ಕು ಮತ್ತು ತಯಾರಿಕೆಯ ದೋಷಕ್ಕೆ ಜೀವಮಾನದ ವಾರಂಟಿ ಇದೆ, ಆದ್ದರಿಂದ ಬಿಲ್ಲಿನಲ್ಲಿ ಮಾಡೆಲ್ ಹೆಸರು ಬರೆಸಿಕೊಳ್ಳಿ. ಬೆಲ್ಲದ ಗಟ್ಟಿಯಲ್ಲಿ ತಿರುಚಿ ಮುರಿದ ಮೊನೆಗೆ ಆ ವಾರಂಟಿ ಬರುವುದಿಲ್ಲ.